ಶೃಂಗ: ಪರವಲಯವನ್ನು ಎಲ್ಲಿ ಹಿಡಿದು ಸರಿಸಬೇಕು?

ಶೃಂಗ ಅಂದ ಕೂಡಲೆ ಬೆಟ್ಟದ ತುದಿ ನೆನಪಾಗುತ್ತದೆ, ಅಲ್ವಾ? ಗಣಿತದ ಶೃಂಗ ಯಾವಾಗಲೂ ಮೇಲೇ ಇರಬೇಕೆಂದಿಲ್ಲ. ಪರವಲಯ, ಅಂದರೆ ಎಕ್ಸ್² ಇರುವ ಸಮೀಕರಣದ ಗ್ರಾಫಿನಲ್ಲಿ ಮೂಡುವ ಬಟ್ಟಲಿನಂಥ ಗೆರೆ, ಇಳಿಯುತ್ತಾ ಬಂದು ಏರಲು ಶುರುಮಾಡುವ ಬಿಂದು, ಅಥವಾ ಏರುತ್ತಾ ಹೋಗಿ ಇಳಿಯಲು ತಿರುಗುವ ಬಿಂದು, ಅದೇ ಶೃಂಗ. ಬಟ್ಟಲಿನ ಹಾಗೆ ಬಾಯಿ ಮೇಲಿದ್ದರೆ ಅದು ತಳದಲ್ಲಿರುತ್ತದೆ.

ಗ್ರಾಫ್ ಬರೆಯಿರಿ ಅಂದರೆ ಜಾಸ್ತಿ ಜನ ಕೋಷ್ಟಕ ಹಾಕಿ, ಏಳೆಂಟು ಬೆಲೆ ಲೆಕ್ಕ ಮಾಡಿ, ಚುಕ್ಕೆ ಇಟ್ಟು ಸೇರಿಸುತ್ತಾರೆ. ತಪ್ಪೇನಿಲ್ಲ. ಆದರೆ ಅಷ್ಟು ಕೆಲಸ ಬೇಕಿಲ್ಲ, ಏಕೆಂದರೆ ಎಕ್ಸ್²ರ ಸಹಗುಣಕ (ಅದರ ಮುಂದಿರುವ ಸಂಖ್ಯೆ) 1 ಇರುವ ಎಲ್ಲ ಪರವಲಯಗಳೂ ಒಂದೇ ಅಚ್ಚಿನವು, ಕೂತ ಜಾಗ ಮಾತ್ರ ಬೇರೆ.

ಆ ಅಚ್ಚು ವೈ = ಎಕ್ಸ್². ಶೃಂಗ (0, 0). ಅಲ್ಲಿಂದ ಒಂದು ಮನೆ ಬಲಕ್ಕೆ ಹೋದರೆ 1 ಮನೆ ಏರುತ್ತದೆ, ಇನ್ನೊಂದು ಮನೆಗೆ 3, ಮತ್ತೊಂದಕ್ಕೆ 5. ಎಡಕ್ಕೂ ಹಾಗೇ. ಸಹಗುಣಕ 2 ಆದರೆ ಈ ಮೆಟ್ಟಿಲುಗಳು 2, 6, 10 ಆಗುತ್ತವೆ. ಮೈನಸ್ ಇದ್ದರೆ ಬಟ್ಟಲು ಬೋರಲು ಬೀಳುತ್ತದೆ.

ಈಗ ವೈ = (ಎಕ್ಸ್ − 3)² + 2 ನೋಡಿ. ಕೊನೆಯ 2 ಸುಲಭ, ಇಡೀ ಪರವಲಯ 2 ಮನೆ ಮೇಲೇರುತ್ತದೆ. ಎಡವುವುದು −3ರ ಹತ್ತಿರ. ಮೈನಸ್ ಇದೆಯಲ್ಲ, ಎಡಕ್ಕೆ ಹೋಗಬೇಡವೇ? ಇಲ್ಲ, ಬಲಕ್ಕೆ. 'ಚಿಹ್ನೆ ಉಲ್ಟಾ' ಅಂತ ಸುಮ್ನೆ ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಕಾರಣ ತುಂಬಾ ಸರಳ. ಯಾವ ವರ್ಗವೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ಹಾಗಾಗಿ ಆವರಣದ ಒಳಗೆ ಸೊನ್ನೆ ಬರುವ ಕಡೆಯೇ ತಳ. ಒಳಗೆ ಸೊನ್ನೆ ಬರಬೇಕಾದರೆ ಎಕ್ಸ್ 3 ಆಗಲೇಬೇಕು. ಶೃಂಗ (3, 2). ಇನ್ನು ಅದೇ 1, 3, 5 ಹತ್ತಿದರೆ ಬಲಕ್ಕೆ (4, 3), (5, 6), (6, 11), ಎಡಕ್ಕೆ (2, 3), (1, 6), (0, 11). ಮುಗಿಯಿತು!

ಪ್ರಶ್ನೆಯಲ್ಲಿ ಮಾತ್ರ ಇದು ಎಕ್ಸ್² − 6ಎಕ್ಸ್ + 11 ಅಂತ ವೇಷ ಹಾಕಿಕೊಂಡು ಬರುತ್ತದೆ. 6ರ ಅರ್ಧ 3, ಅದರ ವರ್ಗ 9, 11ರಲ್ಲಿ 9 ಹೋದರೆ ಉಳಿದದ್ದು 2. ವರ್ಗ ಪೂರ್ಣಗೊಳಿಸುವ ವಿಧಾನ ಅನ್ನುವುದು ಇದನ್ನೇ. ಮೂಲಗಳಿವೆಯೋ ಇಲ್ಲವೋ ತಿಳಿಸುವ ಶೋಧಕವನ್ನು (−6ರ ವರ್ಗದಲ್ಲಿ 4 × 1 × 11 ಕಳೆದದ್ದು) ಲೆಕ್ಕ ಹಾಕಿದರೆ 36 − 44, ಅಂದರೆ −8, ಹಾಗಾಗಿ ವಾಸ್ತವ ಮೂಲಗಳಿಲ್ಲ (ವೈ ಸೊನ್ನೆಯಾಗುವ ವಾಸ್ತವ ಎಕ್ಸ್ ಬೆಲೆ ಇಲ್ಲ) ಅಂತ ಬರೆದು ಮುಂದೆ ಹೋಗುತ್ತೇವೆ. ಚಿತ್ರದಲ್ಲಿ ಅದು ಕಣ್ಣಿಗೇ ಕಾಣುತ್ತದೆ: ತಳವೇ 2ರ ಎತ್ತರದಲ್ಲಿರುವಾಗ ಪರವಲಯ ಎಕ್ಸ್ ಅಕ್ಷವನ್ನು ಮುಟ್ಟುವುದಾದರೂ ಎಲ್ಲಿ?