ಕಾಗಿಣಾದ ಪಾಚಿ ಪಾಚಿಯಲ್ಲ

ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಕಾಗಿಣಾ ಹೊಳೆಯಲ್ಲಿ ಮೊಣಕಾಲುದ್ದ ನೀರಿರುವ ಕಡೆ ಇಳಿದರೆ, ಹಸಿರು ರಿಬ್ಬನ್ನಿನಂಥ ಎಲೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ಕಲಬುರಗಿ ಕಡೆ ನಾವೆಲ್ಲ ಅದನ್ನು ಪಾಚಿ ಅಂದುಬಿಡುತ್ತೇವೆ. ಅದು ಪಾಚಿ ಅಲ್ಲ. ಬೇರಿದೆ, ಎಲೆಯಿದೆ, ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ. ಹೆಸರು ವ್ಯಾಲಿಸ್ನೇರಿಯಾ. ಪಿಯುಸಿ ಜೀವಶಾಸ್ತ್ರದಲ್ಲಿ ನಾಲ್ಕು ಸಾಲಿನಲ್ಲಿ ಮುಗಿದುಹೋಗುವ ಗಿಡ ಇದೇ. ಆ ನಾಲ್ಕು ಸಾಲು ಇದಕ್ಕೆ ಏನೇನೂ ಸಾಲದು.

ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎರಡೂ ನೀರಿನ ತಳದಲ್ಲಿವೆ, ಜೇನುಹುಳ ಅಲ್ಲಿಗೆ ಬರುವುದಿಲ್ಲ. ಹಾಗಾದರೆ ಪರಾಗ ತಲುಪುವುದು ಹೇಗೆ?

ಗಂಡು ಗಿಡ ಬುಡದ ಹತ್ತಿರ ಒಂದು ಪುಟ್ಟ ಚೀಲದಲ್ಲಿ ನೂರಾರು ಮೊಗ್ಗು ಕಟ್ಟುತ್ತದೆ, ಒಂದೊಂದೂ ಸಾಸಿವೆಗಿಂತ ಚಿಕ್ಕದು. ಚೀಲ ಬಿರಿದಾಗ ಮೊಗ್ಗುಗಳು ಗಿಡದಿಂದ ಕಳಚಿಕೊಂಡು, ಒಳಗಿರುವ ಗಾಳಿಯಿಂದಾಗಿ ಮೇಲಕ್ಕೆ ತೇಲಿ ಬರುತ್ತವೆ. ಮೇಲೆ ಬಂದ ಮೇಲೇ ಅರಳುವುದು. ಎಸಳು ಹಿಂದಕ್ಕೆ ಮಡಚಿ ದೋಣಿಯ ಹಾಗಾಗುತ್ತವೆ, ಕೇಸರಗಳು ನೆಟ್ಟಗೆ ನಿಲ್ಲುತ್ತವೆ, ಗಾಳಿ ಎತ್ತ ಬೀಸಿದರೆ ಅತ್ತ ಪಯಣ. ಪರಾಗಕ್ಕೆ ಒಂದು ಹನಿ ನೀರೂ ತಾಗುವುದಿಲ್ಲ! ನೋಡುವವರಿಗೆ ಮಾತ್ರ ನೀರಿನ ಮೇಲೆ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ, ಅಷ್ಟೇ.

ಹೆಣ್ಣು ಹೂವು ತನ್ನ ಗಿಡ ಬಿಟ್ಟು ಹೋಗುವುದಿಲ್ಲ. ದಾರದಂಥ ಉದ್ದ ತೊಟ್ಟಿನ ತುದಿಯಲ್ಲಿ ನೀರಿನ ಮೇಲ್ಮೈಗೆ ಬಂದು ಕೂರುತ್ತದೆ. ಅದರ ಮೈಗೆ ನೀರು ಅಂಟದ ಕಾರಣ, ಸುತ್ತಲಿನ ನೀರು ಸ್ವಲ್ಪ ಕುಸಿದು ಒಂದು ಸಣ್ಣ ಗುಳಿಯಾಗುತ್ತದೆ. ಹಗ್ಗದ ಹೊರಸಿನ ಮೇಲೆ ಯಾರಾದರೂ ಕೂತರೆ ಪಕ್ಕದಲ್ಲಿದ್ದ ಚೆಂಡು ಅವರ ಕಡೆಗೇ ಉರುಳುತ್ತದೆ ಅಲ್ವಾ? ಹಾಗೆಯೇ ಹತ್ತಿರ ತೇಲಿ ಬಂದ ಗಂಡು ಹೂವು ಆ ಗುಳಿಗೆ ಜಾರುತ್ತದೆ, ಅದರ ಕೇಸರ ಹೋಗಿ ಹೆಣ್ಣು ಹೂವಿಗೆ ತಾಗುತ್ತದೆ. ನೀರಿನ ಮೇಲ್ಮೈ ಬಿಗಿದ ಬಟ್ಟೆಯ ಹಾಗೆ ವರ್ತಿಸುವುದರಿಂದಲೇ ಇದೆಲ್ಲ ಸಾಧ್ಯ. ತಟ್ಟೆಯಲ್ಲಿ ನೀರು ಹಾಕಿ ಒಂದಿಷ್ಟು ಕಾಳುಮೆಣಸಿನ ಪುಡಿ ಉದುರಿಸಿ, ನಡುವೆ ಒಂದು ಹನಿ ಸೋಪು ಬಿಡಿ. ಪುಡಿ ಅಂಚಿಗೆ ಓಡುತ್ತದೆ, ಬಿಗಿ ಸಡಿಲವಾಯಿತು ಅಂತ ಅರ್ಥ. ಈ ಗಿಡ ನಂಬಿಕೊಂಡಿರುವುದು ಅದೇ ಬಿಗಿಯನ್ನು. ಅದಕ್ಕೇ ಸೋಪಿನ ನೊರೆ ಜಾಸ್ತಿ ಬಂದು ಸೇರುವ ಮಡುವುಗಳನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮರಳು ಬಗೆದು ನೀರು ಸದಾ ರಾಡಿಯಾಗಿರುವ ಕಡೆಯಂತೂ ಎಲೆಗೆ ಬೆಳಕೇ ಸಿಗುವುದಿಲ್ಲ.

ನಮ್ಮ ಗಡಸು ನೀರಿಗೆ ಮಾತ್ರ ಇದು ಹೆದರುವುದಿಲ್ಲ. ಶಹಾಬಾದ್ ಕಲ್ಲಿನಂಥ ಸುಣ್ಣದ ಕಲ್ಲಿನ ಮೇಲೆ ಹರಿದ ನೀರಿನಲ್ಲಿ ಬೈಕಾರ್ಬನೇಟ್, ಅಂದರೆ ಕಲ್ಲಿನಿಂದ ಕರಗಿ ಬಂದ ಇಂಗಾಲದ ಒಂದು ರೂಪ, ಹೆಚ್ಚು. ಕರಗಿದ ಕಾರ್ಬನ್ ಡೈಆಕ್ಸೈಡ್ ಸಾಲದೆ ಹೋದಾಗ ಈ ಗಿಡ ಆ ಬೈಕಾರ್ಬನೇಟಿನಿಂದಲೂ ಆಹಾರಕ್ಕೆ ಬೇಕಾದ ಇಂಗಾಲ ತೆಗೆದುಕೊಳ್ಳುತ್ತದೆ. ಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಕರೆಗೂ ಅದೇ ಬೈಕಾರ್ಬನೇಟ್ ಮೂಲ.

ಪರಾಗ ಬಿದ್ದ ಮೇಲೆ ಹೆಣ್ಣು ಹೂವಿಗೆ ಮೇಲೆ ಕೆಲಸವಿಲ್ಲ. ಆ ಉದ್ದ ತೊಟ್ಟು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಹೂವನ್ನು ಕೆಳಗೆ ಎಳೆದುಕೊಳ್ಳುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಸ್ಪೈರಾಲಿಸ್ ಅಂತ ಕರೆದದ್ದು ಈ ಸುರುಳಿಯಿಂದಲೇ. ಕಾಯಿ ಬಲಿಯುವುದು ತಳದಲ್ಲಿ, ನಾವು ಕಾಲಿಟ್ಟು ದಾಟುವ ಅದೇ ಕೆಸರಿನ ಹತ್ತಿರ.