ಕಮೋಡ್ ಪದೇ ಪದೇ ಕಟ್ಟಿಕೊಂಡು ಉಕ್ಕುತ್ತಿದೆ, ಆಸಿಡ್ ಹಾಕಿದರೂ ಹೋಗುತ್ತಿಲ್ಲ. ಏನು ಮಾಡಬೇಕು?

ಪ್ರಶ್ನೆ: ನಮ್ಮದು ಹಳೆಯ ಮನೆ, ನೆಲಮಹಡಿ. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಇಂಡಿಯನ್ ಪ್ಯಾನ್ ತೆಗೆಸಿ ಅದೇ ಜಾಗದಲ್ಲಿ ಕಮೋಡ್ ಕೂರಿಸಿದೆವು. ಅಂದಿನಿಂದ ತಿಂಗಳಿಗೆ ಎರಡು ಸಲವಾದರೂ ಬ್ಲಾಕ್ ಆಗುತ್ತದೆ. ಫ್ಲಶ್ ಮಾಡಿದರೆ ನೀರು ಅಂಚಿನ ತನಕ ಏರಿ ನೆಲಕ್ಕೆ ಹರಿಯುತ್ತದೆ. ಸ್ನಾನದ ನೀರು ಮಾತ್ರ ಸರಾಗವಾಗಿ ಹೋಗುತ್ತದೆ. ಎರಡು ಬಾಟಲಿ ಆಸಿಡ್ ಸುರಿದದ್ದೂ ಆಯಿತು. ಕಮೋಡನ್ನೇ ಬದಲಿಸಬೇಕೇ?

ಉತ್ತರ: ಹೊಸ ಕಮೋಡ್‌ಗೆ ದುಡ್ಡು ಹಾಕುವ ಮೊದಲು ಅದರ ಕೆಳಗೆ ಏನಿದೆ ಎಂದು ನೋಡಿಸಿ. ಪ್ಯಾನ್ ತೆಗೆದು ಕಮೋಡ್ ಕೂರಿಸಿದ ದಿನದಿಂದಲೇ ತೊಂದರೆ ಶುರುವಾಗಿದೆ ಎಂದಿದ್ದೀರಿ. ಅನುಮಾನ ಮೊದಲು ಹೋಗಬೇಕಾದದ್ದು ಅಲ್ಲಿಗೇ. ಅದಕ್ಕೆ ಆಮೇಲೆ ಬರೋಣ. ಈಗ ನೀರು ಅಂಚಿನಲ್ಲಿ ನಿಂತಿದ್ದರೆ ಅದನ್ನು ಇಳಿಸುವುದು ಮೊದಲ ಕೆಲಸ.

ಎರಡನೇ ಸಲ ಫ್ಲಶ್ ಒತ್ತಬೇಡಿ. ನೆಲಕ್ಕೆ ಹರಿಯುವುದು ಸಾಮಾನ್ಯವಾಗಿ ಆ ಎರಡನೇ ಸಲದ ಐದಾರು ಲೀಟರ್ ನೀರೇ. ಟ್ಯಾಂಕಿನ ಕೆಳಗೆ ಗೋಡೆಯಲ್ಲಿರುವ ಆಂಗಲ್ ಕಾಕ್ ಮುಚ್ಚಿ. ವರ್ಷಗಟ್ಟಲೆ ಮುಟ್ಟದ ಆಂಗಲ್ ಕಾಕ್ ತಿರುಗದೇ ಇರಬಹುದು. ಆಗ ಬಲವಂತ ಬೇಡ, ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ಫ್ಲೋಟನ್ನು ಮೇಲಕ್ಕೆತ್ತಿ ದಾರದಿಂದ ಕಟ್ಟಿ. ಅಷ್ಟಕ್ಕೆ ನೀರು ತುಂಬುವುದು ನಿಲ್ಲುತ್ತದೆ.

ಆಸಿಡ್ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಅಂಗಡಿಯ ಟಾಯ್ಲೆಟ್ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಸಿಡ್. ಬೋರ್‌ವೆಲ್ ನೀರಿನ ಬಿಳಿ ಕಲೆಯನ್ನು ಅದು ಕರಗಿಸುತ್ತದೆ. ಬಟ್ಟೆ, ಪ್ಯಾಡ್, ವೈಪ್ಸ್, ಪ್ಲಾಸ್ಟಿಕ್, ಕೂದಲಿನ ಉಂಡೆ ಇವುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಕಟ್ಟಿಕೊಂಡ ಕಮೋಡಿನಲ್ಲಿ ಅದು ನಿಂತೇ ಇರುತ್ತದೆ, ಪ್ಲಂಜರ್ ಒತ್ತಿದ ಕೂಡಲೇ ಮುಖಕ್ಕೆ ಹಾರುತ್ತದೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ, ಸಣ್ಣ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಡ್ರೈನ್ ಪೌಡರ್ ಎಂದು ಮಾರುವುದರಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಆಸಿಡ್ ಇರುವಲ್ಲಿ ಅದನ್ನು ಸುರಿದರೆ ನೀರು ಕುದಿದು ಸಿಡಿಯುತ್ತದೆ. ನೀವು ಆಸಿಡ್ ಹಾಕಿರುವುದರಿಂದ ಕಿಟಕಿ ತೆರೆದಿಡಿ. ದಪ್ಪ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರನ್ನು ಅರ್ಧದಷ್ಟು ಬಕೆಟಿಗೆ ಮೊಗೆಯಿರಿ, ಆಮೇಲೆ ಒಳ್ಳೆ ನೀರನ್ನು ನಿಧಾನವಾಗಿ ಸೇರಿಸಿ ತೆಳುವಾಗಿಸಿ. ಪ್ಲಂಬರ್ ಬಂದರೆ ಆಸಿಡ್ ಹಾಕಿದ್ದನ್ನು ಮೊದಲೇ ಹೇಳಿ.

ಈಗ ಪ್ಲಂಜರ್. ಸಿಂಕಿಗೆ ಬಳಸುವ ಚಪ್ಪಟೆ ಬಟ್ಟಲಿನದು ಕಮೋಡಿನ ತೂತಿಗೆ ಸರಿಯಾಗಿ ಕೂರುವುದಿಲ್ಲ. ಬಟ್ಟಲಿನ ಕೆಳಗೆ ಇನ್ನೊಂದು ಸಣ್ಣ ರಬ್ಬರ್ ಕೊರಳು ಇಳಿದಿರುವುದನ್ನು ಕೇಳಿ ತನ್ನಿ. ಚಪ್ಪಟೆಯದು ಇಂಡಿಯನ್ ಪ್ಯಾನಿಗೆ ನಡೆಯುತ್ತದೆ. ರಬ್ಬರ್ ಪೂರ್ತಿ ಮುಳುಗುವಷ್ಟು ನೀರಿರಬೇಕು. ಪ್ಲಂಜರನ್ನು ಓರೆಯಾಗಿ ಇಳಿಸಿ ಒಳಗಿನ ಗಾಳಿ ಹೊರಬಿಡಿ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಆದ್ದರಿಂದ ಬಟ್ಟಲಿನೊಳಗೆ ನೀರು ತುಂಬಿದ್ದರೆ ಮಾತ್ರ ನಿಮ್ಮ ಬಲ ಬ್ಲಾಕಿನವರೆಗೆ ತಲುಪುತ್ತದೆ. ಮೊದಲ ಒತ್ತು ಮೆಲ್ಲಗೆ. ನಂತರ ರಬ್ಬರ್ ಮೇಲೇಳದಂತೆ ಹದಿನೈದಿಪ್ಪತ್ತು ಸಲ ಒತ್ತಿ ಎಳೆಯಿರಿ, ಕೊನೆಯಲ್ಲಿ ಒಮ್ಮೆಲೇ ಕೀಳಿ. ಒತ್ತುವುದಕ್ಕಿಂತ ಎಳೆಯುವುದೇ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಸಿಕ್ಕಿಕೊಂಡದ್ದು ಬಂದ ದಾರಿಯಲ್ಲೇ ಸಡಿಲವಾಗುತ್ತದೆ.

ಮಲ ಅಥವಾ ಪೇಪರ್ ಕಟ್ಟಿದೆ ಎನ್ನುವ ಅನುಮಾನವಿದ್ದು, ಒಳಗೆ ಆಸಿಡ್ ಇಲ್ಲದಿದ್ದರೆ, ಅರ್ಧ ಕಪ್ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅರ್ಧ ಗಂಟೆ ಬಿಡಿ. ಮೇಲೆ ಸ್ನಾನಕ್ಕೆ ಹದವಾದಷ್ಟೇ ಬಿಸಿಯ ನೀರನ್ನು ಸೊಂಟದೆತ್ತರದಿಂದ ಸುರಿಯಿರಿ. ಕುದಿಯುವ ನೀರು ಬೇಡವೇ ಬೇಡ, ಸೆರಾಮಿಕ್ ಸೀಳುತ್ತದೆ. ಟೂತ್ ಬ್ರಷ್, ಸೋಪಿನ ತುಂಡು, ಅಂಚಿಗೆ ಸಿಕ್ಕಿಸುವ ಫ್ರೆಶ್ನರ್ ಗೂಡು ಬಿದ್ದಿದ್ದರೆ ಪ್ಲಂಜರ್ ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿಬಿಡಬಹುದು. ಅದಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಸ್ಪ್ರಿಂಗ್ ಕೇಬಲ್ ಬೇಕು. ಹಿಡಿಯನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸುತ್ತಾ ಒಳಗೆ ಬಿಡಿ, ತಡೆ ಸಿಕ್ಕಾಗ ಇನ್ನೆರಡು ಸುತ್ತು ತಿರುಗಿಸಿ ಎಳೆಯಿರಿ. ಕಮೋಡಿನ ಒಳದಾರಿ ಸುಮಾರು 2 ಇಂಚು, ನೆಲದ ಪೈಪು 4 ಇಂಚು. ಗಟ್ಟಿ ವಸ್ತು ಸಾಮಾನ್ಯವಾಗಿ ಕಮೋಡಿನಲ್ಲೇ ಸಿಕ್ಕಿಬೀಳುತ್ತದೆ. ಬಟ್ಟೆ, ವೈಪ್ಸ್ ಮಾತ್ರ ಅಲ್ಲಿಂದ ನುಸುಳಿ ಮುಂದೆ ಪೈಪಿನ ಜೋಡಣೆಯಲ್ಲಿ ತಗಲಿಕೊಳ್ಳುತ್ತವೆ.

ಇಷ್ಟಾದರೂ ನೀರು ಇಳಿಯದಿದ್ದರೆ ಬ್ಲಾಕ್ ಎಲ್ಲಿದೆ ಎಂದು ಊಹಿಸುತ್ತಾ ಕೂರಬೇಡಿ, ಹೊರಗಿನ ಚೇಂಬರ್, ಅಂದರೆ ಪೈಪುಗಳು ಬಂದು ಸೇರುವ ಮುಚ್ಚಳದ ಗುಂಡಿ, ತೆರೆದು ನೋಡಿ. ಟಾಯ್ಲೆಟ್ಟಿಗೆ ಹತ್ತಿರದ ಚೇಂಬರ್ ಖಾಲಿಯಿದ್ದರೆ ಬ್ಲಾಕ್ ಕಮೋಡಿನಿಂದ ಅಲ್ಲಿಯ ತನಕದ ಪೈಪಿನಲ್ಲಿದೆ. ತುಂಬಿದ್ದರೆ ಮುಂದಿನದನ್ನು ತೆರೆಯಿರಿ. ತುಂಬಿದ ಚೇಂಬರಿಗೂ ಖಾಲಿ ಚೇಂಬರಿಗೂ ನಡುವೆ ಇರುವುದೇ ಬ್ಲಾಕ್. ಎಲ್ಲವೂ ತುಂಬಿದ್ದರೆ ರಸ್ತೆಯ ಮ್ಯಾನ್‌ಹೋಲ್ ಅಥವಾ ನಿಮ್ಮ ಸೆಪ್ಟಿಕ್ ಟ್ಯಾಂಕ್. ಬೆಂಗಳೂರಿನಲ್ಲಿ ರಸ್ತೆಯ ಲೈನಿನ ದೂರಿಗೆ ಜಲಮಂಡಳಿಯ 1916 ಇದೆ. ನಿಮ್ಮ ಸ್ನಾನದ ನೀರು ಸರಾಗವಾಗಿ ಹೋಗುತ್ತಿದೆ ಎಂದರೆ, ಅದೂ ಇದೇ ಚೇಂಬರಿಗೆ ಸೇರುತ್ತಿದ್ದರೆ, ಹೊರಗಿನ ಲೈನ್ ಹೆಚ್ಚುಕಡಿಮೆ ಸರಿಯಾಗಿಯೇ ಇದೆ.

ಮುಚ್ಚಳವನ್ನು ಹಾರೆಯಿಂದ ಎಬ್ಬಿಸಿದ ಮೇಲೆ ಹತ್ತು ಹದಿನೈದು ನಿಮಿಷ ತೆರೆದು ಬಿಡಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ, ತಲೆ ಒಳಗೆ ಹಾಕುವುದಂತೂ ಬೇಡ. ಖಾಲಿ ಚೇಂಬರ್ ಕಡೆಯಿಂದ ಬಿದಿರಿನ ದಬ್ಬೆಯನ್ನೋ ಪ್ಲಂಬರ್ ರಾಡನ್ನೋ ನೆಲದ ಮೇಲೆ ನಿಂತೇ ತೂರಿಸಿ, ಬಿಟ್ಟುಕೊಂಡಾಗ ನೀರು ನುಗ್ಗುತ್ತದೆ, ಪಕ್ಕಕ್ಕೆ ನಿಂತಿರಿ. ಹೊರಬಂದ ಬಟ್ಟೆ, ಪ್ಯಾಡನ್ನು ಅಲ್ಲೇ ಎತ್ತಿಬಿಡಿ, ಇಲ್ಲದಿದ್ದರೆ ಮುಂದಿನ ಚೇಂಬರಿನಲ್ಲಿ ಇದೇ ಕಥೆ. ಸೆಪ್ಟಿಕ್ ಟ್ಯಾಂಕ್ ತುಂಬಿದ್ದರೆ ಸಕ್ಕಿಂಗ್ ಮಷಿನ್ ಲಾರಿ ಕರೆಸಿ. ಯಾರನ್ನೂ ಒಳಗೆ ಇಳಿಸಬೇಡಿ. ಅಲ್ಲಿನ ವಿಷಾನಿಲಕ್ಕೆ ಇಳಿದವರು ಕ್ಷಣದಲ್ಲಿ ಕುಸಿಯುತ್ತಾರೆ, ಹೀಗೆ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಇನ್ನು ತಿಂಗಳಿಗೆರಡು ಸಲ ಕಟ್ಟಿಕೊಳ್ಳುವುದೇಕೆ ಎನ್ನುವುದು. ಬ್ಲಾಕ್ ಬಿಟ್ಟುಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ. ಎಂಟು ಹತ್ತು ಲೀಟರಿನ ಒಂದು ಬಕೆಟ್ ನೀರನ್ನು ರಭಸವಾಗಿ ಕಮೋಡಿಗೆ ಸುರಿಯಿರಿ. ಸೊಂಯ್ ಎಂದು ಇಳಿದುಹೋದರೆ ಪೈಪು ಸರಿಯಿದೆ, ದೋಷ ಫ್ಲಶ್ಶಿನದು. ಟ್ಯಾಂಕಿನಲ್ಲಿ ನೀರು ಗುರುತಿನ ಗೆರೆಯ ತನಕ ತುಂಬುತ್ತಿದೆಯೇ, ಅಂಚಿನ ಕೆಳಗಿನ ತೂತುಗಳು ಗಡಸು ನೀರಿನಿಂದ ಮುಚ್ಚಿವೆಯೇ ನೋಡಿ. ನೀರಿನ ಉಳಿತಾಯಕ್ಕೆಂದು ಟ್ಯಾಂಕಿನೊಳಗೆ ಬಾಟಲಿ ಇಟ್ಟಿದ್ದರೆ ತೆಗೆಯಿರಿ. ಉಳಿತಾಯ ಒಳ್ಳೆಯದೇ, ಇಲ್ಲಿ ಮಾತ್ರ ಬೇಡ.

ಬಕೆಟ್ ನೀರೂ ಗುಳುಗುಳು ಎನ್ನುತ್ತಾ, ಗುಳ್ಳೆ ಹಿಂದಕ್ಕೆ ಬಿಡುತ್ತಾ, ತಡೆದು ತಡೆದು ಇಳಿದರೆ ನನ್ನ ಅನುಮಾನ ಹಳೆಯ ಟ್ರ್ಯಾಪ್ ಮೇಲೆ. ಇಂಡಿಯನ್ ಪ್ಯಾನಿನಲ್ಲಿ ನೀರು ನಿಲ್ಲುವ ಬಾಗು ಇರುವುದಿಲ್ಲ. ದುರ್ವಾಸನೆ ತಡೆಯಲು ನೆಲದೊಳಗೆ ಬೇರೆ ಟ್ರ್ಯಾಪ್ ಹೂತಿರುತ್ತಾರೆ. ಕಮೋಡಿಗೆ ಆ ಬಾಗು ಹುಟ್ಟಿನಿಂದಲೇ ಇದೆ. ನೆಲ ಒಡೆಯುವ ಕೆಲಸ ಉಳಿಯಲಿ ಎಂದು ಹಳೆಯ ಟ್ರ್ಯಾಪ್ ತೆಗೆಯದೆ ಅದರ ಮೇಲೇ ಕಮೋಡ್ ಕೂರಿಸಿದರೆ ಒಂದರ ಹಿಂದೆ ಒಂದು ಎರಡು ಟ್ರ್ಯಾಪ್. ನಡುವೆ ಸಿಕ್ಕಿದ ಗಾಳಿಗೆ ಹೋಗಲು ದಾರಿಯಿಲ್ಲ, ಫ್ಲಶ್ಶಿನ ರಭಸವೆಲ್ಲ ಅಲ್ಲೇ ಸತ್ತು ಮಲ ಕೆಳಗಿನ ಬಾಗಿನಲ್ಲಿ ಕೂರುತ್ತದೆ. ಇಂಥ ಕಡೆ ಎಷ್ಟು ಸಲ ಪ್ಲಂಜರ್ ಒತ್ತಿದರೂ ಅದು ತಾತ್ಕಾಲಿಕ.

ಖಚಿತಪಡಿಸಿಕೊಳ್ಳಲು ಕಮೋಡ್ ಎತ್ತಿಸಬೇಕು, ಪ್ಲಂಬರಿಗೆ ಅರ್ಧ ದಿನದ ಕೆಲಸ. ಆಂಗಲ್ ಕಾಕ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಬೋಲ್ಟ್ ಬಿಚ್ಚಿ, ಬುಡದ ಬಿಳಿ ಸಿಮೆಂಟ್ ಅಥವಾ ಸಿಲಿಕಾನನ್ನು ಬ್ಲೇಡಿನಿಂದ ಕೊಯ್ದು ಇಬ್ಬರು ಸೇರಿ ನೇರವಾಗಿ ಎತ್ತಲಿ. ನೀವೂ ಟಾರ್ಚ್ ಹಿಡಿದು ನೆಲದ ತೂತಿನೊಳಗೆ ನೋಡಿ. ಪೈಪು ಒಣಗಿ ಇಳಿಜಾರಾಗಿ ಹೋಗಿದ್ದರೆ ಸರಿ. ನೀರು ನಿಂತು ಹೊಳೆಯುತ್ತಿದ್ದರೆ ಹಳೆಯ ಟ್ರ್ಯಾಪ್ ಅಲ್ಲೇ ಇದೆ. ಗಾರೆ ಕೆಲಸದವರು ಬೀಳಿಸಿದ ಸಿಮೆಂಟ್ ಗಟ್ಟಿಯಾಗಿ ಕೂತಿರುವುದೂ, ಕಮೋಡಿನ ಬಾಯಿಗೂ ಪೈಪಿಗೂ ಹೊಂದದೆ ಕನೆಕ್ಟರ್ ಸೊಟ್ಟಗಾಗಿ ಒಳಗೆ ಮೆಟ್ಟಿಲಾಗಿರುವುದೂ ಆಗಲೇ ಕಣ್ಣಿಗೆ ಬೀಳುತ್ತದೆ.

ಟ್ರ್ಯಾಪ್ ಸಿಕ್ಕರೆ ನೆಲ ಒಡೆದು ತೆಗೆಸಲೇಬೇಕು. ಅದರ ಜಾಗಕ್ಕೆ 110 ಮಿಲಿಮೀಟರಿನ ಪಿವಿಸಿ ಪೈಪು, ಚೇಂಬರಿನವರೆಗೆ 10 ಅಡಿಗೆ ಸುಮಾರು 3 ಇಂಚು ಇಳಿಜಾರು. ತಿರುವಿನಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡು ಹಾಕಿಸಿ. ಹೊರಗೋಡೆಯ ಬಳಿ ಬಾಗಿಲಿರುವ ಒಂದು ಡೋರ್ ಟೀ ಕೇಳಿ ಹಾಕಿಸಿಕೊಳ್ಳಿ, ಮುಂದೆ ಬ್ಲಾಕ್ ಆದರೆ ರಾಡ್ ಅಲ್ಲಿಂದಲೇ ಹೋಗುತ್ತದೆ. ಟೈಲ್ಸ್ ಮುಚ್ಚುವ ಮೊದಲೇ ಎರಡು ಬಕೆಟ್ ನೀರು ಸುರಿದು ಚೇಂಬರಿಗೆ ತಡೆಯಿಲ್ಲದೆ ಬರುತ್ತಿದೆಯೇ ನೋಡಿಕೊಳ್ಳಿ. ನಿಮ್ಮ ಹಳೆಯ ಕಮೋಡನ್ನೇ ಹೊಸ ರಬ್ಬರ್ ಕನೆಕ್ಟರ್ ಹಾಕಿ ಮತ್ತೆ ಕೂರಿಸಬಹುದು. ಬುಡದ ಸಿಲಿಕಾನ್ ಒಣಗಲು 24 ಗಂಟೆ ಬಿಡಬೇಕು, ಅಷ್ಟು ಹೊತ್ತಿಗೆ ಅಪ್ಪನಿಗೆ ಬೇರೆ ವ್ಯವಸ್ಥೆ ಮೊದಲೇ ಮಾಡಿಟ್ಟುಕೊಳ್ಳಿ.