ಭಾವನ ಲಾರಿ ಇಂಜಿನ್ನೂ ತಾತನ ಕಾಲದ ಕಲ್ಲು ತೊಲೆಯೂ

ಮುಳಬಾಗಿಲಿನ ಹತ್ತಿರ ನಮ್ಮ ಭಾವನ ಮನೆ. ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುವ ಹಳೇ ಲಾರಿಯೊಂದು ಅವರ ಬಳಿ ಇದೆ. ಅದು ವಿಪರೀತ ಹೊಗೆ ಉಗುಳಲು ಶುರುಮಾಡಿತು. ಇಂಜಿನ್ ಇಳಿಸದೆ ಆಗುವುದಿಲ್ಲ ಎಂದರು ಮೆಕ್ಯಾನಿಕ್. ಮನೆ ಹಿಂದಿನ ಶೆಡ್ಡಿನಲ್ಲೇ ಇಳಿಸೋಣ ಎಂದು ಭಾವ ಬಾಡಿಗೆಗೆ ಭಾರ ಎತ್ತುವ ಚೈನ್ ಪುಲ್ಲಿ ತಂದರು. ಅದನ್ನು ನೇತುಹಾಕಲು ತೋರಿಸಿದ್ದು ಶೆಡ್ಡಿನ ಕಲ್ಲು ತೊಲೆಯನ್ನು.

"ತಾತನ ಕಾಲದ ಕಲ್ಲು ಕಣೋ. ಮೇಲೆ ಅಷ್ಟು ಚಪ್ಪಡಿ, ಮಣ್ಣು ಎಲ್ಲಾ ಹೊತ್ತಿದೆ. ಒಂದು ಇಂಜಿನ್ ಹೊರೋದಿಲ್ವಾ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಲ್ಲಿಗೆ ಒಂದು ದೌರ್ಬಲ್ಯವಿದೆ. ಹಿಂಡಿದರೆ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಗ್ರಾನೈಟು ಒತ್ತಡವನ್ನು ಎಷ್ಟು ತಡೆಯುತ್ತದೋ ಅದರ ಹತ್ತರಲ್ಲೊಂದು ಪಾಲಿನಷ್ಟು ಎಳೆತ ತಡೆದರೆ ದೊಡ್ಡದು. ಭಾರ ಬಿದ್ದಾಗ ತೊಲೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೇಲಿನ ಮೈ ಹಿಂಡಿಕೊಳ್ಳುತ್ತದೆ, ಕೆಳಗಿನ ಮೈ ಎಳೆದುಕೊಳ್ಳುತ್ತದೆ. ಬಿರುಕು ಹುಟ್ಟುವುದು ಆ ಕೆಳಗಿನ ಮೈಯಲ್ಲಿ. ಚಪ್ಪಡಿ, ಮಣ್ಣಿನ ಭಾರ ತೊಲೆಯ ಉದ್ದಕ್ಕೂ ಹರಡಿದೆ. ಅಷ್ಟೇ ತೂಕವನ್ನು ನಟ್ಟನಡುವೆ ಒಂದೇ ಕೊಕ್ಕೆಗೆ ನೇತುಹಾಕಿದರೆ ತೊಲೆಯನ್ನು ಬಗ್ಗಿಸುವ ಬಲ ಎರಡು ಪಟ್ಟಾಗುತ್ತದೆ. ಅದೂ ಈಗಾಗಲೇ ಹೊತ್ತಿರುವ ಭಾರದ ಜೊತೆಗೆ. ಕಬ್ಬಿಣದ ತೊಲೆಯಾದರೆ ಮುರಿಯುವ ಮುಂಚೆ ಸಾಕಷ್ಟು ಬಾಗಿ ಎಚ್ಚರಿಸುತ್ತದೆ. ಕಲ್ಲು ಹಾಗೆಲ್ಲ ಹೇಳಿ ಕೇಳಿ ಮುರಿಯುವುದಿಲ್ಲ. ಆರ್‌ಸಿಸಿ ಮನೆಯವರೂ ನಗಬೇಕಿಲ್ಲ. ಸೂರಿನಲ್ಲಿರುವ ಫ್ಯಾನಿನ ಕೊಕ್ಕೆ ಇರುವುದು ಫ್ಯಾನಿಗೆ.

ಆರು ಸಿಲಿಂಡರಿನ ಲಾರಿ ಇಂಜಿನ್ ಎಂದರೆ ಅರ್ಧ ಟನ್ನಿನ ಆಸುಪಾಸು. ಗೇರ್‌ಬಾಕ್ಸ್ ಸೇರಿದರೆ ಇನ್ನೂ ಜಾಸ್ತಿ. ಲೆಕ್ಕಕ್ಕೆ 600 ಕಿಲೋ ಎಂದಿಟ್ಟುಕೊಳ್ಳೋಣ.

ಗ್ಯಾರೇಜಿನವರ ಚಕ್ರದ ಕ್ರೇನ್ ಸಿಗುತ್ತಿತ್ತು. ಆದರೆ ಅದರ ತೋಳು ಉದ್ದ ಮಾಡಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ಎರಡು ಟನ್ ಎಂದು ಬರೆದದ್ದು ತೋಳು ಒಳಗಿದ್ದಾಗಿನ ಮಾತು. ಪೂರ್ತಿ ಚಾಚಿದರೆ ಅರ್ಧ ಟನ್ನಿಗೆ ಇಳಿದಿರಬಹುದು. ಏತ ನೋಡಿದವರಿಗೆ ಇದು ಹೊಸದೇನಲ್ಲ.

ಕೊನೆಗೆ ಒದಗಿದ್ದು ನಮ್ಮ ಬರದ ಸೀಮೆಯ ಸಾಮಾನೇ, ಬೋರ್‌ವೆಲ್ ಮೋಟಾರ್ ಎತ್ತುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು. ಎಷ್ಟು ಭಾರ ತಾಳುತ್ತದೆ ಎಂದು ಕೇಳಿಯೇ ತಂದೆವು. ಅದರ ಎತ್ತರಕ್ಕೆ ಶೆಡ್ಡಿನ ಸೂರು ಸಾಲದು, ಹಾಗಾಗಿ ಲಾರಿಯೇ ಅಂಗಳಕ್ಕೆ ಬಂತು. ಈ ಸ್ಟ್ಯಾಂಡಿನ ಕಾಲುಗಳು ಕೆಳಗೆ ಒತ್ತುವುದಷ್ಟೇ ಅಲ್ಲದೆ ಹೊರಕ್ಕೂ ಜಾರಲು ನೋಡುತ್ತವೆ. ಕಾಲುಗಳು ನೆಟ್ಟನೆ ಗೆರೆಯಿಂದ 30 ಡಿಗ್ರಿ ಓರೆಯಾಗಿದ್ದರೆ, 600 ಕಿಲೋ ಭಾರಕ್ಕೆ ಪ್ರತಿ ಕಾಲಿನ ತಳವೂ ಹೊರಗಡೆಗೆ ಸುಮಾರು 115 ಕಿಲೋ ನೂಕುತ್ತದೆ. ಆಯಿಲ್ ಚೆಲ್ಲಿದ ಸಿಮೆಂಟು ನೆಲದಲ್ಲಿ ಇಷ್ಟು ಸಾಕು, ಜಾರಿಹೋಗುತ್ತದೆ. ಮೂರು ಕಾಲಿಗೂ ಸುತ್ತ ಸರಪಳಿ ಬಿಗಿದೆವು. ಅಂಗಳದ ಮಣ್ಣಿನಲ್ಲಿ ಕಾಲು ಹೂತುಹೋಗದಂತೆ ಅಡಿಗೆ ಚಪ್ಪಡಿ ಕಲ್ಲು ಹಾಕಿದೆವು. ನೆಲಕ್ಕೆ ಸಮವಾಗಿ ಕೂತ ಕಲ್ಲು ಬಾಗುವ ಮಾತೇ ಇಲ್ಲ, ಸುಮ್ನೆ ಹಿಂಡಿಸಿಕೊಳ್ಳುತ್ತದೆ. ಅದು ಅದಕ್ಕೆ ಒಗ್ಗುವ ಕೆಲಸ.

ಆಮೇಲೆ ಸರಪಳಿಯ ವಿಷಯ. ಇಂಜಿನ್ನಿನ ಎರಡು ತುದಿಗೂ ಒಂದೊಂದು ಸರಪಳಿ ಹಾಕಿ ಮೇಲೆ ಒಂದೇ ಕೊಕ್ಕೆಗೆ ಸೇರಿಸುತ್ತಾರೆ. ಒಂದೊಂದಕ್ಕೆ 300 ಕಿಲೋ ಬೀಳುತ್ತದೆ, ಅಲ್ವಾ? ಸರಪಳಿ ನೆಟ್ಟಗೆ ನಿಂತರೆ ಹೌದು. ನೆಲಮಟ್ಟದಿಂದ 60 ಡಿಗ್ರಿ ಓರೆಯಾದರೆ ಒಂದೊಂದಕ್ಕೂ 346 ಕಿಲೋ. 45 ಡಿಗ್ರಿಗೆ 424. 30 ಡಿಗ್ರಿಗೆ ಬಂದರೆ ಒಂದೊಂದೂ 600 ಕಿಲೋ ಪೂರ್ತಿ ಎಳೆಯಬೇಕು! 15 ಡಿಗ್ರಿಗೆ ಹತ್ತಿರ ಹತ್ತಿರ 1,160. ಸರಪಳಿ ಎಳೆಯುವ ಬಲದಲ್ಲಿ ಮೇಲಕ್ಕೆ ಎಳೆಯುವ ಪಾಲು ಮಾತ್ರ ಭಾರ ಹೊರುತ್ತದೆ. ಮಿಕ್ಕದ್ದು ಒಂದನ್ನೊಂದು ಪಕ್ಕಕ್ಕೆ ಜಗ್ಗುವುದರಲ್ಲೇ ಹೋಗುತ್ತದೆ. ಬಟ್ಟೆ ಒಣಹಾಕುವ ತಂತಿಯನ್ನು ಎಷ್ಟೇ ಬಿಗಿದು ಕಟ್ಟಿ, ಒಂದು ಒದ್ದೆ ಸೀರೆಗೆ ಬಾಗಿಬಿಡುತ್ತದೆ. ಅದೂ ಇದೇ ಕಾರಣಕ್ಕೆ. ಭಾವ ತಂದಿದ್ದ ಸರಪಳಿ ಗಿಡ್ಡ. ಉದ್ದದ್ದು ತರಲು ಇನ್ನೊಂದು ಸಲ ಮುಳಬಾಗಿಲಿಗೆ ಹೋಗಿಬಂದರು, ಗೊಣಗುತ್ತಲೇ.

ತೂಕಕ್ಕಿಂತ ನನಗೆ ಜಾಸ್ತಿ ಭಯ ಜಗ್ಗಾಟದ್ದು. ಆ ತೂಕಕ್ಕೆ ಸರಪಳಿ, ಸ್ಟ್ಯಾಂಡು ಎಲ್ಲ ಸೇರಿ 1 ಸೆಂಟಿಮೀಟರ್ ಹಿಗ್ಗುತ್ತವೆ ಎನ್ನಿ. ಎಲ್ಲೋ ಸಿಕ್ಕಿಕೊಂಡ ಇಂಜಿನ್ ತಟ್ಟನೆ ಬಿಟ್ಟುಕೊಂಡು 10 ಸೆಂಟಿಮೀಟರ್ ಬಿದ್ದು ನಿಂತರೆ, ಆ ಒಂದು ಗಳಿಗೆಯ ಎಳೆತ ಐದೂವರೆ ಪಟ್ಟು, ಅಂದರೆ ಸುಮಾರು 3,300 ಕಿಲೋ. ಹಾಗೆ ಹಿಗ್ಗುವುದು ಕಡಿಮೆಯಾದಷ್ಟೂ ಏಟು ಇನ್ನೂ ಬಿರುಸು. ಅದಕ್ಕೇ ಬೋಲ್ಟು, ಪೈಪು, ವೈರು ಯಾವುದಾದರೂ ಬಿಚ್ಚದೆ ಉಳಿದಿದೆಯಾ ಎಂದು ಎರಡೆರಡು ಸಲ ನೋಡಿದ್ದು.

ಚೈನ್ ಪುಲ್ಲಿ ಮಾತ್ರ ಜಾಣ ಯಂತ್ರ. 600 ಕಿಲೋವನ್ನು ಒಂದು ಮೀಟರ್ ಎತ್ತಲು ನೀವು 20 ಕಿಲೋ ಬಲ ಹಾಕಿದರೆ ಕಡಿಮೆಯೆಂದರೂ 30 ಮೀಟರ್ ಚೈನ್ ಎಳೆಯಬೇಕು. ಉಜ್ಜಾಟದ ನಷ್ಟ ಬೇರೆ. ಆದರೆ ಕೈ ಬಿಟ್ಟರೂ ಭಾರ ಅಲ್ಲೇ ನಿಲ್ಲುತ್ತದೆ. ಹೇಗೆ? ಭಾರ ಕೆಳಗಿಳಿಯಲು ನೋಡಿದಾಗ ಒಳಗಿನ ಸ್ಕ್ರೂ ತಿರುಗಿ ಬ್ರೇಕಿನ ತಟ್ಟೆಗಳನ್ನು ಬಿಗಿಯುತ್ತದೆ. ಭಾರ ಹೆಚ್ಚಿದಷ್ಟೂ ಬಿಗಿತ ಹೆಚ್ಚು. ಇಳಿಸಬೇಕೆಂದರೆ ಚೈನನ್ನು ಹಿಂದಕ್ಕೆ ಎಳೆದು ಆ ಬಿಗಿತವನ್ನು ಚೂರು ಚೂರೇ ಸಡಿಲಿಸಬೇಕು.

ಒಂದಿಂಚು ಎತ್ತಿ ನಿಲ್ಲಿಸಿದೆವು. ಇಂಜಿನ್ ಹಿಂದಕ್ಕೆ ವಾಲಿತು. ಭಾರದ ನಡುಬಿಂದು ಕೊಕ್ಕೆಯ ನೇರಕ್ಕೆ ಇರಲಿಲ್ಲ. ಇಳಿಸಿ, ಸರಪಳಿ ಸರಿಪಡಿಸಿ, ಮತ್ತೆ ಎತ್ತಿದೆವು. ಕೆಳಗೆ ಯಾರೂ ಕೈ ಹಾಕಲಿಲ್ಲ. ಇಂಜಿನ್ ಮೇಲೆ ಬಂದ ಮೇಲೆ ಲಾರಿಯನ್ನೇ ಹಿಂದಕ್ಕೆ ತಳ್ಳಿ, ಇಂಜಿನ್ನನ್ನು ಇದ್ದಲ್ಲೇ ನೆಟ್ಟಗೆ ಇಳಿಸಿದೆವು.

ಇಂಜಿನ್ನಿನ ಅಡಿಗೆ ಕೊಡಲು ಭಾವ ಹಾಲೋ ಬ್ಲಾಕ್ ತಂದರು. ಬೇಡ ಎಂದೆ. ಕಬ್ಬಿಣದ ಮೂಲೆಯೊಂದು ಚುಚ್ಚಿದರೆ ಅದು ಪುಡಿಯಾಗುತ್ತದೆ. ಜಾಕಿಯೂ ಅಷ್ಟೇ, ಅದನ್ನು ಎತ್ತಲಷ್ಟೇ ಬಳಸಬೇಕು. ಭಾರ ಬಿಟ್ಟು ಹೋದರೆ ಒಳಗಿನ ಆಯಿಲ್ ಸೀಲ್ ಸೋರಿ ಮೆಲ್ಲಗೆ ಕುಗ್ಗಬಹುದು. ಇಂಜಿನ್ನಿನ ತಳದ ಆಯಿಲ್ ಚೇಂಬರ್ ಮೇಲೆ ಕೂರಿಸಿದರೆ ತಗಡು ನಜ್ಜಾಗುತ್ತದೆ. ದಪ್ಪ ಮರದ ದಿಮ್ಮಿಗಳನ್ನು ಎರಡೆರಡಾಗಿ ಅಡ್ಡಡ್ಡ ಪೇರಿಸಿ, ಇಂಜಿನ್ನನ್ನು ಲಾರಿಗೆ ಕೂರಿಸುವ ಫೌಂಡೇಷನ್ ಬ್ರಾಕೆಟ್ಟುಗಳ ಕೆಳಗೆ ಕೊಟ್ಟೆವು. ಮರ ಒಂಚೂರು ಅದುಮಿಕೊಂಡು ಕಬ್ಬಿಣವನ್ನು ಹಿಡಿದುಕೊಂಡಿತು.

ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಭಾವ ಕಲ್ಲು ತೊಲೆಗೆ ಒಂದು ಬಲ್ಬು ನೇತುಹಾಕಿ, ಬಾಗಿಲಾಚೆ ಬಿದ್ದ ಆ ಬೆಳಕಿನಲ್ಲಿ ಇಂಜಿನ್ನಿನ ಹೆಡ್ ಬಿಚ್ಚಲು ಕೂತರು.